ಕಾಯರ್‌ಗೆ ಮಕ್ಕಳನ್ನು ಕಳಿಸುವ ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ,

ಅಮೆರಿಕದ ಶಾಲೆಗಳಲ್ಲಿ, ಮಕ್ಕಳ ಕಾಯರ್‌ಗಳಲ್ಲಿ, ಅಂದರೆ ಗುಂಪಾಗಿ ಹಾಡುವ ತಂಡಗಳಲ್ಲಿ, ಹಾಡುವ ಹುಡುಗಿಯರ ಅಪ್ಪ ಅಮ್ಮಂದಿರಿಗೆ ಈ ಪತ್ರ. ಊರಿಂದ ಆರು ತಿಂಗಳ ಮಟ್ಟಿಗೆ ಬಂದು, ಮೊಮ್ಮಗಳ ಕಾರ್ಯಕ್ರಮದಲ್ಲಿ ಮುಂದಿನ ಸಾಲಲ್ಲೇ ಕೂರುವ ಅಜ್ಜ ಅಜ್ಜಿಯರೂ ಓದಬಹುದು. ಬರೆಯುತ್ತಿರುವುದು ಒಹಾಯೊದ ಕೊಲಂಬಸ್‌ನಿಂದ. ಈ ಊರಿಗೂ ನಾನು ಹೇಳಲು ಹೊರಟಿರುವ ವಿಷಯಕ್ಕೂ ಹಳೇ ನಂಟಿದೆ, ಅದನ್ನು ಆಮೇಲೆ ಹೇಳ್ತೀನಿ.

ಕಳೆದ ಕಾರ್ಯಕ್ರಮ ಮುಗಿದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಜಗಳ ಆಯಿತು. ಜಗಳ ಅಂದರೆ ದೊಡ್ಡದೇನಲ್ಲ, ಎಲ್ಲರೂ ಕೈಮುಗಿಯುವ ಇಮೋಜಿ ಹಾಕಿಕೊಂಡೇ ಕಿತ್ತಾಡಿದೆವು. ಹುಡುಗಿಯರ ಕಾಯರ್ ಕೊನೆಯಲ್ಲಿ ಎರಡು ಸ್ಪಿರಿಚುಯಲ್ ಹಾಡಿತ್ತು. ಸ್ಪಿರಿಚುಯಲ್ ಅಂದರೆ ಅಮೆರಿಕದಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನ ಕಟ್ಟಿದ ಭಕ್ತಿಯ ಹಾಡುಗಳು. ಒಬ್ಬರು ಬರೆದರು: ಇದು ಚರ್ಚಿನ ಹಾಡು, ಪಬ್ಲಿಕ್ ಸ್ಕೂಲಿನಲ್ಲಿ ಯಾಕೆ, ಮುಂದಿನ ಸಲ ನನ್ನ ಮಗಳನ್ನು ಬಿಟ್ಟುಬಿಡಿ ಅಂತ ಟೀಚರಿಗೆ ಹೇಳ್ತೀನಿ. ಇನ್ನೊಬ್ಬರು: ಅಯ್ಯೋ, ಅದೇ ತಾನೇ ಚೆನ್ನಾಗಿದ್ದದ್ದು, ಎಂಥ ಮಜಾ ಹಾಡು, ನಮ್ಮ ಅತ್ತೆ ಎದ್ದು ಕುಣಿದರು. ಮೂರನೆಯವರು ಸ್ವಲ್ಪ ಓದಿಕೊಂಡವರು: ಅದು ಕಪ್ಪು ಜನರ ನೋವಿನ ಹಾಡು, ನಮ್ಮ ಮಕ್ಕಳ ಬಾಯಲ್ಲಿ ಅದು ಯಾಕೆ ಬರಬೇಕು?

ಮೂವರ ಮಾತನ್ನೂ ನಾನು ಒಪ್ಪಲ್ಲ. ಫೋನಿನಲ್ಲಿ ಟೈಪ್ ಮಾಡಿ ಮುಗಿಯುವ ಮಾತಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ಈ ಹಾಡುಗಳನ್ನು ಹಾಡಲಿ. ಆದರೆ ಯಾರ ಹಾಡು, ಕಾಯರ್ ಹಾಡುವ ಹಾಗೆ ಅದನ್ನು ಯಾರು ಹೊಂದಿಸಿದ್ದು (ಅರೇಂಜ್ ಮಾಡಿದ್ದು), ಯಾಕೆ ಹುಟ್ಟಿತು ಅಂತ ತಿಳಿದು, ಪೂರ್ತಿ ದನಿ ಬಿಟ್ಟು ಹಾಡಲಿ. ಹಾಗೆ ಹಾಡಿಸಿ ಅಂತ ಟೀಚರುಗಳನ್ನು ಕೇಳುವ ಕೆಲಸ ನಮ್ಮದು. ನಾವೇ ಮಜಾ ಹಾಡು ಅಂತ ಕೂತರೆ ಅವರೇಕೆ ತಲೆ ಕೆಡಿಸಿಕೊಳ್ಳುತ್ತಾರೆ?

ಮಜಾ ಹಾಡು ಅಂದವರಿಗೆ ಮೊದಲು. ನಿಮ್ಮ ಮೇಲೆ ಕೋಪವಿಲ್ಲ, ಅತ್ತೆಯವರ ಮೇಲಂತೂ ಇಲ್ಲವೇ ಇಲ್ಲ. ಈ ಹಾಡುಗಳಲ್ಲಿ ಕೆಲವು ನಿಜಕ್ಕೂ ಕಾಲು ಕುಣಿಸುತ್ತವೆ. ಕೈತಟ್ಟಿ, ವೃತ್ತದಲ್ಲಿ ಕಾಲೆಳೆದು ಸುತ್ತುತ್ತಾ ಹಾಡುವ ಪದ್ಧತಿ ಗುಲಾಮರ ಪ್ರಾರ್ಥನೆಯಲ್ಲೇ ಇತ್ತು. ಆದರೆ ಫ್ರೆಡ್ರಿಕ್ ಡಗ್ಲಸ್ ಹೇಳಿದ್ದನ್ನು ಒಮ್ಮೆ ಕೇಳಿ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಬಂದವರು ಅವರು. 1845ರಲ್ಲಿ ತಮ್ಮ ಜೀವನ ಕಥೆ ಬರೆದಾಗ ಈ ಹಾಡುಗಳ ಬಗ್ಗೆಯೇ ಕೆಲವು ಪುಟ ಬರೆದರು. ಗುಲಾಮರು ಹಾಡುತ್ತಾರೆ, ಹಾಗಾದರೆ ಅವರು ಸುಖವಾಗಿದ್ದಾರೆ ಅಂತ ಉತ್ತರದ ಜನ ಮಾತಾಡುವುದನ್ನು ಕೇಳಿ ಅವರಿಗೆ ದಿಗ್ಭ್ರಮೆಯಾಯಿತಂತೆ. ಗುಲಾಮರು ತೀರಾ ದುಃಖದಲ್ಲಿದ್ದಾಗಲೇ ಹೆಚ್ಚು ಹಾಡುತ್ತಾರೆ ಅಂತ ಅವರು ಬರೆದರು. ಹತ್ತು ವರ್ಷ ಬಿಟ್ಟು ಇನ್ನೊಂದು ಪುಸ್ತಕದಲ್ಲಿ ಮತ್ತೊಂದು ಮಾತು ಸೇರಿಸಿದರು: ನಾವು ಕಾನಾನ್ ದೇಶ (ಬೈಬಲ್ಲಿನಲ್ಲಿ ದೇವರು ಮಾತು ಕೊಟ್ಟ ನಾಡು) ಅಂತ ಹಾಡುವಾಗ ಬರೀ ಸ್ವರ್ಗವನ್ನು ನೆನೆಯುತ್ತಿರಲಿಲ್ಲ, ಉತ್ತರವೇ ನಮ್ಮ ಕಾನಾನ್ ಆಗಿತ್ತು ಅಂತ. ನಾವು ಚಿಕ್ಕಂದಿನಲ್ಲಿ ಕೋಡಗನ ಕೋಳಿ ನುಂಗಿತ್ತ ಅಂತ ಕೈತಟ್ಟಿಕೊಂಡು ಹಾಡಿ ನಕ್ಕೆವಲ್ಲ, ಶರೀಫಜ್ಜ ಅದರಲ್ಲಿ ಏನಿಟ್ಟಿದ್ದಾರೆ ಅಂತ ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದಾಗ ಗೊತ್ತಾಯಿತಲ್ಲ. ಇಲ್ಲೂ ಯಾರಾದರೂ ಹೇಳಬೇಕು. ಹೇಳಿದ ಮೇಲೆ ಕುಣಿಯಬಾರದು ಅಂತೇನಿಲ್ಲ.

ಈಗ ಕೊಲಂಬಸ್ ಕಥೆ. ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಫಿಸ್ಕ್ ವಿಶ್ವವಿದ್ಯಾಲಯ 1866ರಲ್ಲಿ ಶುರುವಾಯಿತು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ, ಅವರ ಮಕ್ಕಳಿಗೆ, ಸೈನ್ಯದ ಹಳೇ ಆಸ್ಪತ್ರೆಯ ಶೆಡ್ಡುಗಳಲ್ಲಿ ಪಾಠ. ಐದು ವರ್ಷದಲ್ಲಿ ಸಾಲ ತಲೆ ಮೇಲೆ ಬಂತು. ಅಲ್ಲಿನ ಖಜಾಂಚಿ ಜಾರ್ಜ್ ವೈಟ್ ಸಂಗೀತವನ್ನೂ ಕಲಿಸುತ್ತಿದ್ದರು. ಒಂಬತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1871ರ ಅಕ್ಟೋಬರ್ 6ರಂದು ಹಣ ಕೂಡಿಸಲು ಹೊರಟರು. ಐದು ಹುಡುಗಿಯರು, ನಾಲ್ಕು ಹುಡುಗರು. ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರೇ. ಮೊದಲು ಬಂದದ್ದು ನಮ್ಮ ಒಹಾಯೊಗೆ. ಹೋಟೆಲುಗಳಲ್ಲಿ ಜಾಗ ಕೊಡುವವರು ಕಡಿಮೆ. ಶುರುವಿನಲ್ಲಿ ಸಿಕ್ಕ ಐವತ್ತು ಡಾಲರಿಗೂ ಕಡಿಮೆ ದುಡ್ಡನ್ನು ಆಗತಾನೇ ಬೆಂಕಿ ಬಿದ್ದಿದ್ದ ಶಿಕಾಗೋ ನಗರದ ಸಂತ್ರಸ್ತರಿಗೆ ಕೊಟ್ಟುಬಿಟ್ಟರು. ತಮಗೇ ಗತಿಯಿಲ್ಲ, ಆದರೂ. ಸಾಕುಸಾಕಾಗಿ ಈ ಕೊಲಂಬಸ್‌ಗೆ ಬಂದಾಗ ವೈಟ್ ಆ ತಂಡಕ್ಕೆ ಜುಬಿಲೀ ಸಿಂಗರ್ಸ್ ಅಂತ ಹೆಸರಿಟ್ಟರು. ಬೈಬಲ್ಲಿನಲ್ಲಿ ಜುಬಿಲೀ ವರ್ಷ ಅಂದರೆ ದಾಸರಿಗೆಲ್ಲ ಬಿಡುಗಡೆ ಕೊಡುವ ವರ್ಷ.

ಈ ತಂಡ ಮೊದಮೊದಲು ಸ್ಪಿರಿಚುಯಲ್ ಹಾಡುತ್ತಲೇ ಇರಲಿಲ್ಲ ಅನ್ನುವುದನ್ನು ಎಷ್ಟೋ ಜನ ಹೇಳಲ್ಲ. ಬಿಳಿಯರ ಮನೆಗಳಲ್ಲಿ ಆಗ ಹಾಡುತ್ತಿದ್ದ ಪಾಶ್ಚಾತ್ಯ ಹಾಡುಗಳೇ ಅವರ ಕಾರ್ಯಕ್ರಮದಲ್ಲಿ ಜಾಸ್ತಿ ಇದ್ದವು. ಪಿಯಾನೊ ನುಡಿಸುತ್ತಿದ್ದ, ಅಭ್ಯಾಸ ಮಾಡಿಸುತ್ತಿದ್ದ ಎಲಾ ಶೆಪರ್ಡ್ ಅನ್ನುವ ಹುಡುಗಿ ಮುಂದೆ ನೆನಪಿಸಿಕೊಂಡಿದ್ದಾರೆ: ಆ ಹಾಡುಗಳು ಮರೆಯಬೇಕೆಂದಿದ್ದ ಕಾಲಕ್ಕೆ ಸೇರಿದ್ದವು, ಜೊತೆಗೆ ಅಪ್ಪ ಅಮ್ಮಂದಿರಿಗೆ ಪವಿತ್ರವಾಗಿದ್ದವು, ಹಾಗಾಗಿ ಜನರ ಮುಂದೆ ಹಾಡುತ್ತಿರಲಿಲ್ಲ ಅಂತ. ಶೆಪರ್ಡ್ ಅವರದೇ ಕಥೆ ನೋಡಿ. ಅಪ್ಪ ದುಡ್ಡು ಕೊಟ್ಟು ಮಗಳನ್ನು ಬಿಡಿಸಿಕೊಂಡರು. ಅಮ್ಮನನ್ನು ಬಿಡಿಸಿಕೊಳ್ಳಲು ಒಡತಿ ಒಪ್ಪಲಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಮಗಳೇ ಹುಡುಕಿ ಅಮ್ಮನನ್ನು ಕರೆತಂದರು. ಇಂಥ ಮನೆಯ ಹುಡುಗಿ ಅಪರಿಚಿತರ ಮುಂದೆ ಆ ಹಾಡು ಹಾಡಲು ಹಿಂಜರಿದದ್ದರಲ್ಲಿ ಏನಾಶ್ಚರ್ಯ? 1871ರ ನವೆಂಬರಿನಲ್ಲಿ ಇಲ್ಲಿಂದ ಉತ್ತರಕ್ಕಿರುವ ಓಬರ್ಲಿನ್‌ನಲ್ಲಿ ಪಾದ್ರಿಗಳ ದೊಡ್ಡ ಸಭೆ ನಡೆದಿತ್ತು. ಅಲ್ಲಿ ಅವರು ಸಣ್ಣ ದನಿಯಲ್ಲಿ 'ಸ್ಟೀಲ್ ಅವೇ' ಅನ್ನುವ ಸ್ಪಿರಿಚುಯಲ್ ಎತ್ತಿದರು. ಗದ್ದಲವೆಲ್ಲ ನಿಂತು ಸಭೆ ಕಿವಿಗೊಟ್ಟಿತು. ಅಲ್ಲಿಂದ ದಿಕ್ಕೇ ಬದಲಾಯಿತು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಅವರು ಹಾಡಿ ತಂದ ದುಡ್ಡಿನಲ್ಲಿ ಕಟ್ಟಿದ ಜುಬಿಲೀ ಹಾಲ್ ಇವತ್ತಿಗೂ ನ್ಯಾಶ್‌ವಿಲ್‌ನಲ್ಲಿ ನಿಂತಿದೆ. ಅಟ್ಲಾಂಟಾಕ್ಕೋ ಸ್ಮೋಕಿ ಬೆಟ್ಟಕ್ಕೋ ಕಾರಿನಲ್ಲಿ ಹೋಗುವವರು ಸ್ವಲ್ಪ ದಾರಿ ಬಳಸಿ ನೋಡಿಬನ್ನಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಾಗದದಲ್ಲಿ ಅಚ್ಚಾಗಿ ನಮ್ಮ ಮಕ್ಕಳ ಕೈಗೆ ಬರುವ ಹಾಡು ಹೊಲದಿಂದ ಸೀದಾ ಬಂದದ್ದಲ್ಲ. ನಡುವೆ ಒಬ್ಬೊಬ್ಬರಾಗಿ ಜನ ಕೂತು ಕೆಲಸ ಮಾಡಿದ್ದಾರೆ. ಹ್ಯಾರಿ ಬರ್ಲಿ ಅಂತ ಒಬ್ಬರು, ಪೆನ್ಸಿಲ್ವೇನಿಯಾದ ಈರಿ ಪಟ್ಟಣದವರು. ಗುಲಾಮರಾಗಿದ್ದ ತಾತನಿಗೆ ಕಣ್ಣು ಕಾಣುತ್ತಿರಲಿಲ್ಲ. ಬೀದಿ ದೀಪ ಹಚ್ಚುವ ಕೆಲಸ ಮಾಡುತ್ತಿದ್ದ ಆ ತಾತನ ಜೊತೆ ಓಡಾಡುತ್ತಾ ಹುಡುಗ ಹಾಡು ಕಲಿತ. ನ್ಯೂಯಾರ್ಕಿನಲ್ಲಿ ಓದುವಾಗ ಯುರೋಪಿನ ಹೆಸರಾಂತ ಸಂಗೀತ ರಚನೆಕಾರ ಡ್ವೊರ್ಜಾಕ್‌ಗೆ ಈ ಹಾಡುಗಳನ್ನು ಹಾಡಿ ಕೇಳಿಸಿದವರೂ ಇವರೇ. ಒಬ್ಬರು ಹಾಡುವ ಹಾಗೆ, ಪಿಯಾನೊ ಜೊತೆಗೆ, ಕಛೇರಿಯ ವೇದಿಕೆಗೆ ಸ್ಪಿರಿಚುಯಲ್‌ಗಳನ್ನು ತಂದರು. ವಿಲಿಯಂ ಡಾಸನ್ ಅಲಬಾಮಾದ ಆನಿಸ್ಟನ್‌ನಿಂದ 13ನೇ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗಿ ಟಸ್ಕೀಗಿ ಶಾಲೆ ಸೇರಿದವರು. ಮುಂದೆ ಅಲ್ಲಿನ ಕಾಯರನ್ನೇ ನಡೆಸಿದರು. ಮೋಸಸ್ ಹೋಗನ್ ನ್ಯೂ ಆರ್ಲಿಯನ್ಸ್‌ನವರು, ಇವತ್ತು ಹೈಸ್ಕೂಲುಗಳು ಹಾಡುವ ಎಷ್ಟೋ ಸ್ಪಿರಿಚುಯಲ್‌ಗಳು ಅವರ ಹೊಂದಿಕೆಯವು. 2003ರಲ್ಲಿ 45ನೇ ವಯಸ್ಸಿಗೇ ತೀರಿಕೊಂಡರು.

ನನಗೆ ಇವರೆಲ್ಲರಿಗಿಂತ ಇಷ್ಟವಾಗುವವರು ಅಂಡೀನ್ ಸ್ಮಿತ್ ಮೂರ್. 1904ರಲ್ಲಿ ವರ್ಜೀನಿಯಾದ ಜ್ಯಾರಟ್ ಅನ್ನುವ ಸಣ್ಣ ಊರಲ್ಲಿ ಹುಟ್ಟಿದರು. ಫಿಸ್ಕ್‌ನಲ್ಲಿ ಓದಿ, 1927ರಿಂದ 1972ರವರೆಗೆ ವರ್ಜೀನಿಯಾದ ಕಾಲೇಜಿನಲ್ಲಿ ಪಾಠ ಮಾಡಿದರು. ಅವರು ಹಾಡು ಬರೆದುಕೊಳ್ಳಲು ಶುರು ಮಾಡಿದ್ದು ಯಾವ ಸಂಶೋಧನೆಗೂ ಅಲ್ಲ. ಅಮ್ಮ ರಾತ್ರಿ ಅಡುಗೆ ಮಾಡುವಾಗ ಹಾಡಿಕೊಳ್ಳುತ್ತಿದ್ದ, ಕೆಲಸ ಮುಗಿಸಿ ಬಂದ ಅಪ್ಪ ಗುನುಗುತ್ತಿದ್ದ ಹಾಡುಗಳು ಅಷ್ಟು ಚೆನ್ನಾಗಿದ್ದವು ಅಂತ ಬರೆದುಕೊಂಡರು. ನಮ್ಮಲ್ಲಿ ಎಷ್ಟು ಜನ ಹಾಗೆ ಬರೆದುಕೊಂಡಿದ್ದೇವೆ ಹೇಳಿ.

ಇವರ ಹೆಸರೇ ಕಾರ್ಯಕ್ರಮದ ಕಾಗದದಲ್ಲಿ ಇರುವುದಿಲ್ಲ. ಒಂದು ಕಾಗದ ನನ್ನ ಹತ್ತಿರ ಇದೆ. ಶಾಲೆ ಯಾವುದು ಅಂತ ಹೇಳಲ್ಲ. ಲ್ಯಾಟಿನ್ ಹಾಡಿಗೆ ಸಂಗೀತಗಾರನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ನಾಲ್ಕು ಸಾಲು ಟಿಪ್ಪಣಿ. ಕೊನೆಯ ಎರಡು ಹಾಡಿಗೆ 'ಟ್ರೆಡಿಷನಲ್', ಅಷ್ಟೆ. ಹೊಂದಿಸಿದವರ ಹೆಸರಿಲ್ಲ. ಸ್ಪಿರಿಚುಯಲ್ ಅನ್ನುವ ಮಾತೂ ಇಲ್ಲ. ಹಾಡು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ ಸರಿ, ಆದರೆ ಹೊಂದಿಸಿದವರ ಹೆಸರು ಮಕ್ಕಳ ಕೈಲಿರುವ ಪುಸ್ತಕದ ಮೊದಲ ಪುಟದ ಬಲಗಡೆ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ನೋಡಿ ಬರೆಯಲು ಏನು ಕಷ್ಟ?

ಇನ್ನು ಟ್ರೆಬಲ್ ವಿಷಯಕ್ಕೆ ಬರೋಣ, ನನಗೆ ಹೆಚ್ಚು ತಲೆನೋವು ಇಲ್ಲೇ. ಟ್ರೆಬಲ್ ಕಾಯರ್ ಅಂದರೆ ಬರೀ ಮೇಲಿನ ದನಿಗಳ ಕಾಯರ್. ಹುಡುಗಿಯರು, ಹೆಂಗಸರು, ದನಿ ಒಡೆಯದ ಹುಡುಗರು. ಮೇಲೆ ಸೊಪ್ರಾನೊ, ಕೆಳಗೆ ಆಲ್ಟೊ, ಅದರೊಳಗೆ ಮತ್ತೆ ಒಂದು ಎರಡು. ಟೆನರ್ ಇಲ್ಲ, ಬೇಸ್ ಇಲ್ಲ. ಸ್ಪಿರಿಚುಯಲ್‌ಗಳ ಹೆಸರಾಂತ ಹೊಂದಿಕೆಗಳು ಬಹುಪಾಲು ಗಂಡು ಹೆಣ್ಣು ಸೇರಿ ಹಾಡುವುದಕ್ಕೆ ಬರೆದವು. ಅಲ್ಲಿ ಕೆಳಗಿನಿಂದ ಬೇಸ್ ಒಂದೇ ಮಾತನ್ನು ಮತ್ತೆ ಮತ್ತೆ ತಟ್ಟುತ್ತಿರುತ್ತದೆ, ಅದರ ಮೇಲೆ ಉಳಿದವರು ಸವಾಲು ಜವಾಬು ನಡೆಸುತ್ತಾರೆ. ಆ ಬೇಸ್ ತೆಗೆದುಬಿಟ್ಟರೆ ಏನು ಮಾಡುವುದು? ಒಳ್ಳೆಯ ಹೊಂದಿಕೆಗಾರರು ಶ್ರುತಿ ಬದಲಿಸುತ್ತಾರೆ, ತಟ್ಟುವ ಕೆಲಸವನ್ನು ಎರಡನೇ ಆಲ್ಟೊಗೆ ಕೊಡುತ್ತಾರೆ, ಎಲ್ಲರೂ ಒಟ್ಟಿಗೆ ಕೂಗುವ ಬದಲು ಒಬ್ಬರ ಹಿಂದೆ ಒಬ್ಬರು ಹೊರಡುವಂತೆ ಮಾಡುತ್ತಾರೆ, ಕೆಲವು ಕಡೆ ಎಲ್ಲರನ್ನೂ ಒಂದೇ ಸ್ವರಕ್ಕೆ ತಂದು ಬಿಡುತ್ತಾರೆ. ಅದು ಕೇಳಲು ಮೈ ಜುಮ್ಮೆನ್ನುತ್ತದೆ. ಅವಸರದ ಹೊಂದಿಕೆಗಳಲ್ಲಿ ಬೇಸನ್ನು ಸುಮ್ನೆ ಪಿಯಾನೊಗೆ ತಳ್ಳಿ, ಮೇಲೆ ಮಕ್ಕಳಿಗೆ ಸಿಹಿ ಸಿಹಿ ಮೂರು ಸ್ವರ ಕೊಟ್ಟು, ವೇಗ ಹೆಚ್ಚಿಸಿ, ಕೊನೆಗೆ ಒಂದು ಕೂಗು ಹಾಕಿಸಿ ಮುಗಿಸುತ್ತಾರೆ. ನೋವೂ ಇಲ್ಲ, ಬಲವೂ ಇಲ್ಲ. ಆಮೇಲೆ ನಮ್ಮವರು ಮಜಾ ಹಾಡು ಅಂದರೆ ಅವರನ್ನೇನು ಅನ್ನೋದು?

ಹೆಣ್ಣು ದನಿಗೆ ಅಷ್ಟೇ ಆಗುವುದು ಅಂದುಕೊಂಡಿದ್ದರೆ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಗ್ಲೀ ಕ್ಲಬ್ ಅನ್ನುವ ಕಾಯರ್ ಕೇಳಿ. 1881ರಲ್ಲಿ ಶುರುವಾದ, ಕಪ್ಪು ಹೆಣ್ಣುಮಕ್ಕಳ ಕಾಲೇಜು ಅದು. ಅಲ್ಲಿ ಹೆಣ್ಣು ದನಿಗಳೇ ಸ್ಪಿರಿಚುಯಲ್ ಹಾಡುತ್ತಾ ಬಂದಿವೆ, ಯಾರೂ ಗಂಡಸರಿಲ್ಲ ಅಂತ ಕೊರಗಿಲ್ಲ. ಇನ್ನೂ ಬೇಕೆಂದರೆ ಸ್ವೀಟ್ ಹನಿ ಇನ್ ದ ರಾಕ್ ತಂಡ. ವಾದ್ಯವಿಲ್ಲದೆ ಹಾಡುವ ಕಪ್ಪು ಮಹಿಳೆಯರು. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಬರ್ನಿಸ್ ಜಾನ್ಸನ್ ರೀಗನ್ ಕಟ್ಟಿದ್ದು. ಅದರಲ್ಲಿದ್ದ ಇಸೇ ಬಾರ್ನ್‌ವೆಲ್ ಕೆಳಗಿಳಿದು ಬೇಸ್ ಭಾಗ ಹಾಡುವುದನ್ನು ಕಣ್ಣು ಮುಚ್ಚಿ ಕೇಳಿದರೆ ಗಂಡಸೇ ಅಂದುಕೊಳ್ಳುತ್ತೀರಿ. ಹೆಣ್ಣು ದನಿಯಲ್ಲಿ ಆ ಆಳ ಇದೆ, ಇಳಿಯಲು ಬಿಡಬೇಕು ಅಷ್ಟೆ.

ಮಗಳನ್ನು ಆಲ್ಟೊಗೆ ಹಾಕಿದ್ದಾರೆ ಅಂತ ಬೇಜಾರು ಮಾಡಿಕೊಳ್ಳುವ ಅಮ್ಮಂದಿರಿಗೆ ಇಲ್ಲೇ ಒಂದು ಮಾತು. ಸೊಪ್ರಾನೊ ಫಸ್ಟ್ ರ‍್ಯಾಂಕೂ ಅಲ್ಲ, ಆಲ್ಟೊ ಸೆಕೆಂಡ್ ರ‍್ಯಾಂಕೂ ಅಲ್ಲ. ಮರಿಯನ್ ಆಂಡರ್ಸನ್ ಅವರದು ಕೆಳದನಿಯೇ. 1939ರಲ್ಲಿ ವಾಷಿಂಗ್ಟನ್‌ನ ದೊಡ್ಡ ಸಭಾಂಗಣವೊಂದರಲ್ಲಿ ಕಪ್ಪು ಬಣ್ಣದವರು ಅಂತ ಅವರಿಗೆ ಹಾಡಲು ಅವಕಾಶ ಸಿಗಲಿಲ್ಲ. ಏಪ್ರಿಲ್ 9ರ ಈಸ್ಟರ್ ಭಾನುವಾರ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಸುಮಾರು 75,000 ಜನರ ಮುಂದೆ ಹಾಡಿದರು. ಕಾರ್ಯಕ್ರಮದ ಕೊನೆಯ ಭಾಗ ಸ್ಪಿರಿಚುಯಲ್‌ಗಳದೇ. ಅಲ್ಲಿಗೂ ಅವು ಕೊನೆಯಲ್ಲೇ ಬಂದವು ನೋಡಿ, ಆದರೆ ಅವತ್ತು ಅದನ್ನು ಯಾರೂ ಮಜಾ ಅಂದಿರಲಾರರು.

ಮನೆಯಲ್ಲಿ ಕರ್ನಾಟಕ ಸಂಗೀತ ಕಲಿಯುವ ಹುಡುಗಿಯರಿಗೆ ಈ ಹಾಡುಗಳಲ್ಲಿ ಒಂದು ಅನುಕೂಲ ಇದೆ. ಮಂದ್ರ ಪಂಚಮದವರೆಗೆ ಇಳಿದು, ಎದೆಯಿಂದ ದನಿ ತೆಗೆದು ಅವರಿಗೆ ಅಭ್ಯಾಸ. ಕಾಯರ್‌ಗೆ ಹೋದ ಕೂಡಲೇ ತೆಳು ದನಿ ಮಾಡು ಅಂತ ಹೇಳುತ್ತಾರೆ, ಕೆಲವು ಹಾಡಿಗೆ ಅದು ಸರಿ. ಸ್ಪಿರಿಚುಯಲ್‌ಗೆ ಆ ತುಂಬು ದನಿ ಬೇಕು. 'ಸ್ವಿಂಗ್ ಲೋ, ಸ್ವೀಟ್ ಚಾರಿಯಟ್' ಮಟ್ಟನ್ನು ಸರಿಗಪದ ಹಾಕಿ ಹಾಡಿಸಿ ನೋಡಿ, ಮೋಹನದ ಐದೇ ಸ್ವರ. ರಾಗ ಅಲ್ಲ, ಸ್ವರ ಮಾತ್ರ ಅವೇ. ಇನ್ನೊಂದು ವಿಷಯ: 1862ರಲ್ಲಿ ಲೂಸಿ ಮೆಕಿಮ್ ಅನ್ನುವ ಹುಡುಗಿ, ವಯಸ್ಸು ಇಪ್ಪತ್ತರ ಆಸುಪಾಸು, ದಕ್ಷಿಣ ಕೆರೊಲಿನಾದ ದ್ವೀಪಗಳಿಗೆ ಹೋಗಿ ಈ ಹಾಡುಗಳನ್ನು ಬರೆದುಕೊಳ್ಳಲು ಕೂತಳು. ಗಂಟಲಲ್ಲಿ ಮಾಡುವ ಆ ತಿರುವುಗಳನ್ನು, ಬೇರೆ ಬೇರೆ ದನಿಗಳು ಬಂದು ಸೇರುವ ಆ ಲಯವನ್ನು ಕಾಗದದ ಮೇಲೆ ಹಿಡಿಯಲು ಆಗುವುದೇ ಇಲ್ಲ ಅಂತ ಬರೆದಳು. ಗಮಕವನ್ನು ಪುಸ್ತಕ ನೋಡಿ ಕಲಿಯಲಾಗದು ಅಂತ ನಮ್ಮ ಮಕ್ಕಳಿಗೆ ಬೇರೆ ಹೇಳಬೇಕಾ? ಅವಳು ಮತ್ತು ಇಬ್ಬರು ಸೇರಿ 1867ರಲ್ಲಿ ತಂದ ಸಂಗ್ರಹವೇ ಈ ಹಾಡುಗಳ ಮೊದಲ ದೊಡ್ಡ ಪುಸ್ತಕ. ಅಚ್ಚಾದ ಕಾಗದ ನೋಡಿ ಹಾಡಿ ಮುಗಿಸುವುದಲ್ಲ, ಫಿಸ್ಕ್‌ನವರದ್ದೋ ಸ್ಪೆಲ್ಮನ್‌ನವರದ್ದೋ ರೆಕಾರ್ಡಿಂಗ್ ಮಕ್ಕಳಿಗೆ ಕೇಳಿಸಿ ಅಂತ ಟೀಚರಿಗೆ ಹೇಳಿ.

ಚರ್ಚಿನ ಹಾಡು ಅಂದವರೇ, ಈಗ ನಿಮ್ಮ ಪ್ರಶ್ನೆ. ಹೌದು, ಯೇಸು, ಮೋಸೆಸ್, ಜೋರ್ಡನ್ ನದಿ ಎಲ್ಲ ಬರುತ್ತದೆ. ಮುಚ್ಚಿಡುವುದೇನಿಲ್ಲ. ಗುಲಾಮರಿಗೆ ಒಡೆಯರು ಬೈಬಲ್ಲಿನಿಂದ ಹೇಳಿಕೊಟ್ಟದ್ದು ವಿಧೇಯರಾಗಿರಿ ಅನ್ನುವ ಭಾಗ. ಅವರು ಹೆಕ್ಕಿಕೊಂಡದ್ದು ಈಜಿಪ್ಟಿನಲ್ಲಿ ದಾಸರಾಗಿದ್ದ ಜನರನ್ನು ಮೋಸೆಸ್ ಬಿಡಿಸಿಕೊಂಡು ಹೋದ ಕಥೆ. ಅದನ್ನು ಹಾಡಿದರೆ ಮಗಳು ಮತಾಂತರ ಆಗುತ್ತಾಳೆ ಅನ್ನುವ ಭಯವಿದ್ದರೆ, ಬೆಂಗಳೂರಿನ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕ್ಯಾರಲ್ ಹಾಡಿ, ಗುರುವಾರ ಗುರುವಾರ ರಾಯರ ಮಠಕ್ಕೂ ಹೋಗಿ ಬಂದ ನಾವೆಲ್ಲ ಏನಾದೆವು ಸ್ವಲ್ಪ ನೆನಪಿಸಿಕೊಳ್ಳಿ.

ಗಾಂಧೀಜಿಯವರ ಮಾತನ್ನಾದರೂ ಕೇಳುತ್ತೀರಾ? 1936ರ ಫೆಬ್ರವರಿಯಲ್ಲಿ ಗುಜರಾತಿನ ಬಾರ್ಡೋಲಿಗೆ ಕಪ್ಪು ಅಮೆರಿಕನ್ನರ ಒಂದು ಸಣ್ಣ ನಿಯೋಗ ಬಂತು. ಹೊವರ್ಡ್ ಥರ್ಮನ್ ಅದರ ಮುಖ್ಯಸ್ಥರು, ಜೊತೆಗೆ ಅವರ ಹೆಂಡತಿ ಸ್ಯೂ ಬೇಲಿ ಥರ್ಮನ್. ಗಾಂಧೀಜಿ ಗುಲಾಮಗಿರಿಯ ಬಗ್ಗೆ, ಮತದಾನದ ಹಕ್ಕಿನ ಬಗ್ಗೆ, ಗುಂಪುಹತ್ಯೆಗಳ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಹೊರಡುವ ಮುಂಚೆ ನಿಮ್ಮದೊಂದು ಹಾಡು ಹಾಡಿ ಅಂತ ತಾವೇ ಕೇಳಿದರು. ಅವರು ಹೆಸರು ಹೇಳಿ ಕೇಳಿದ್ದು 'ವರ್ ಯೂ ದೇರ್' ಅನ್ನುವ ಸ್ಪಿರಿಚುಯಲ್. ಯೇಸುವನ್ನು ಶಿಲುಬೆಗೇರಿಸಿದಾಗ ನೀನು ಅಲ್ಲಿದ್ದೆಯಾ ಅಂತ ಕೇಳುವ ಹಾಡು. ಸ್ಯೂ ಥರ್ಮನ್ ಹಾಡಿದರು, ಯಾಕೋಬನ ಏಣಿಯ ಹಾಡನ್ನೂ ಸೇರಿಸಿ ಹಾಡಿದರು. ಆಶ್ರಮದವರು ಕೂತು ಕೇಳಿದರು. ಯಾರ ಧರ್ಮವೂ ಕೆಡಲಿಲ್ಲ.

ಉಳಿದವರು ಮೂರನೆಯವರು. ಅವರ ಹಾಡು ನಮ್ಮ ಮಕ್ಕಳ ಬಾಯಲ್ಲಿ ಯಾಕೆ ಅಂದವರು. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ, ಅದರಲ್ಲಿ ಗೌರವ ಇದೆ. ಆದರೆ ಡಾಸನ್, ಮೂರ್, ಹೋಗನ್ ತಮ್ಮ ಹೊಂದಿಕೆಗಳನ್ನು ಬೀಗ ಹಾಕಿ ಇಡಲಿಲ್ಲ, ಎಲ್ಲ ಕಾಯರ್‌ಗಳೂ ಹಾಡಲಿ ಅಂತಲೇ ಅಚ್ಚು ಹಾಕಿಸಿದರು. ಇವತ್ತು ಮಕ್ಕಳ ದನಿಗೇ ಬರೆಯುವ ರೋಲೊ ಡಿಲ್‌ವರ್ತ್, ಹೆಣ್ಣು ದನಿಗಳಿಗೆ ಬರೆಯುವ ರೋಸೆಫೇನಿ ಪವೆಲ್ ಮಾಡುತ್ತಿರುವುದೂ ಅದನ್ನೇ. ಅವರು ಬೇಡ ಅನ್ನುವುದು ಅಣಕವನ್ನು. 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಮಾತು, ಹಾಡು, ನಡಿಗೆಯನ್ನೆಲ್ಲ ಗೇಲಿ ಮಾಡುವ ನಾಟಕಗಳು ಊರೂರಲ್ಲಿ ನಡೆಯುತ್ತಿದ್ದವು. ಅದಕ್ಕೇ ಬರ್ಲಿ ತಮ್ಮ ಹಾಡುಗಳ ಜೊತೆಗೇ ಎಚ್ಚರಿಕೆ ಅಚ್ಚು ಹಾಕಿಸಿದರು: ಹಾವಭಾವ ಮಾಡಿ ನಗಿಸಬೇಡಿ, ಒಳಗಿನ ಭಕ್ತಿ ಮುಖ್ಯ ಅಂತ. ಹೊಂದಿಕೆಗಾರರು ಬರೆದ ಆಡುಮಾತನ್ನು ಅವರು ಬರೆದಷ್ಟೇ ಹಾಡಿದರೆ ಸಾಕು. ಅದಕ್ಕೆ ನಮ್ಮ ಮಕ್ಕಳು ಮೇಲಿಂದ ಇನ್ನಷ್ಟು ಎಳೆದು, ಸೊಂಟ ತಿರುಗಿಸಿ ಮಾಡುವುದು ಬೇಡ.

ಮತ್ತೆ, ನಾವು ಇದಕ್ಕೆ ತೀರಾ ಹೊರಗಿನವರೂ ಅಲ್ಲ. 1961ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ನಾಗರಿಕ ಹಕ್ಕುಗಳ ಚಳವಳಿ ನಡೆಯುವಾಗ ಮುಂದೆ ಸ್ವೀಟ್ ಹನಿ ತಂಡ ಕಟ್ಟಿದ, ಆಗಿನ್ನೂ ಕಾಲೇಜು ಹುಡುಗಿಯಾಗಿದ್ದ ಬರ್ನಿಸ್ ಹಳೇ ಸ್ಪಿರಿಚುಯಲ್ ಒಂದನ್ನು ಎತ್ತಿದರು. ನನ್ನ ತಲೆ ಮೇಲೆ, ಗಾಳಿಯಲ್ಲಿ ಕಷ್ಟ ಕಾಣುತ್ತಿದೆ ಅನ್ನುವುದು ಅದರ ಸಾಲು. ಹಾಡುತ್ತಾ ಹಾಡುತ್ತಾ ಕಷ್ಟ ಅನ್ನುವ ಕಡೆ ಸ್ವಾತಂತ್ರ್ಯ ಅಂತ ಹಾಕಿಬಿಟ್ಟರು. ಹೀಗೆ ಎಷ್ಟೋ ಸ್ಪಿರಿಚುಯಲ್‌ಗಳು ಮೆರವಣಿಗೆಗೆ, ಜೈಲಿಗೆ ಹೋದವು. ಆ ಚಳವಳಿಯ ಒತ್ತಡದಿಂದ 1964ರ ನಾಗರಿಕ ಹಕ್ಕುಗಳ ಕಾನೂನು ಬಂತು, ಅದರ ಬೆನ್ನಿಗೇ 1965ರ ವಲಸೆ ಕಾನೂನು ಬಂತು. ಅದಕ್ಕೂ ಮುಂಚೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ನಮ್ಮ ಎಂಜಿನಿಯರ್, ಡಾಕ್ಟರ್ ಚಿಕ್ಕಪ್ಪಂದಿರು ಇಲ್ಲಿ ಬಂದು ಇಳಿದದ್ದು ಆ ಬಾಗಿಲು ತೆರೆದ ಮೇಲೆ. ನಮ್ಮ ಕನ್ನಡ ಕೂಟದ ಯುಗಾದಿ ಊಟದವರೆಗೆ ಆ ಹಾಡಿನ ಎಳೆ ಬರುತ್ತದೆ ಅಂದರೆ ಅತಿ ಆಯಿತು ಅನ್ನಬೇಡಿ.

ಕಥೆ ಹೇಳುವಾಗ ಒಂದು ಎಚ್ಚರ. 'ವೇಡ್ ಇನ್ ದ ವಾಟರ್' ಹಾಡಿದಾಗಲೆಲ್ಲ ಯಾರಾದರೂ ಮೈಕ್ ಹಿಡಿದು, ಓಡಿಹೋಗುವ ಗುಲಾಮರಿಗೆ ನೀರಿಗಿಳಿಯಿರಿ ಅಂತ, ತಾವೂ ತಪ್ಪಿಸಿಕೊಂಡು ಬೇರೆ ಗುಲಾಮರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಕೊಟ್ಟ ಗುಟ್ಟಿನ ಸಂದೇಶ ಇದು ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಆ ಕಾಲದ ದಾಖಲೆ ಇಲ್ಲ. ಆ ಹಾಡು ಅಚ್ಚಾದದ್ದೇ 1901ರಲ್ಲಿ. ಟಬ್‌ಮನ್ ಬದುಕಿದ್ದಾಗಲೇ ಬಂದ ಅವರ ಜೀವನಚರಿತ್ರೆಯಲ್ಲಿ 'ಗೋ ಡೌನ್ ಮೋಸೆಸ್' ಹಾಡನ್ನು ಸೂಚನೆಗೆ ಬಳಸಿದ ಪ್ರಸಂಗ ಇದೆ, ಹೇಳುವುದಾದರೆ ಅದನ್ನು ಹೇಳಲಿ. ಗುಟ್ಟಿನ ನಕ್ಷೆ ಅಂತ ಮಾಡಿದರೆ ಮಕ್ಕಳಿಗೆ ಖುಷಿಯಾಗುತ್ತದೆ ನಿಜ. ಡಗ್ಲಸ್ ಹೇಳಿದ್ದೇ ಅದಕ್ಕಿಂತ ಜಾಸ್ತಿ ಇದೆ, ಅಲ್ವಾ?

ದುಡ್ಡಿನ ಮಾತೂ ಆಗಿಬಿಡಲಿ. ಮೂಲ ಹಾಡಿಗೆ ಯಾರೂ ಹಕ್ಕುದಾರರಿಲ್ಲ, ಅದು ಎಲ್ಲರಿಗೂ ಬಿಟ್ಟದ್ದು. ಹೊಂದಿಸಿದವರಿಗೆ, ಪ್ರಕಾಶಕರಿಗೆ ಕಾಪಿರೈಟ್ ಸಿಗುತ್ತದೆ. ಕಟ್ಟಿದವರಿಗೆ ಏನೂ ಇಲ್ಲ. ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ ಒಂದು ಚರ್ಚ್ 2021ರಲ್ಲಿ ಇದಕ್ಕೆ ದಾರಿ ಹುಡುಕಿತು. ಭಾನುವಾರ ಸ್ಪಿರಿಚುಯಲ್ ಹಾಡಿದಾಗಲೆಲ್ಲ ರಾಯಲ್ಟಿ ಅಂತ ಜನರಿಂದ ದುಡ್ಡು ಕೂಡಿಸುತ್ತಾರೆ. ಅದು ಬಾಸ್ಟನ್‌ನ ರಾಕ್ಸ್‌ಬರಿಯಲ್ಲಿ ಕಪ್ಪು ಮಕ್ಕಳಿಗೆ ಸಂಗೀತ ಕಲಿಸುವ ಸಂಸ್ಥೆಗೆ ಹೋಗುತ್ತದೆ. ನಮ್ಮ ಶಾಲೆಗಳ ಬೂಸ್ಟರ್ ಕ್ಲಬ್‌ಗಳು ಸಮೋಸಾ ಮಾರಿ ಕೂಡಿಸುವ ದುಡ್ಡಿನಲ್ಲಿ ಒಂದು ಪಾಲು ಹೀಗೆ ತೆಗೆದಿಡಬಹುದು. ಅದೂ ಆಗದಿದ್ದರೆ ಕನಿಷ್ಠ ಹಾಡಿನ ಪುಸ್ತಕ ಕೊಂಡುಕೊಳ್ಳೋಣ. ಒಂದು ಪ್ರತಿಗೆ ಎರಡೋ ಮೂರೋ ಡಾಲರ್. ಗುಂಪಿನಲ್ಲಿ ಯಾರಾದ್ರೂ ಪಿಡಿಎಫ್ ಹಾಕ್ರೀ ಅಂತ ಕೇಳುವವರು ಯಾರು ಅಂತ ನಮಗೆಲ್ಲ ಗೊತ್ತು, ಹೆಸರು ಹೇಳಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಶಾಲೆ ಶುರುವಾದ ಮೊದಲ ತಿಂಗಳಲ್ಲೇ ಕಾಯರ್ ಟೀಚರಿಗೆ ಒಂದು ಮೇಲ್ ಹಾಕಿ. ದೂರು ಕೊಡುವ ಧಾಟಿ ಬೇಡ. ಆ ಟೀಚರುಗಳಿಗೆ ಸಂಬಳ ಕಡಿಮೆ, ಅರವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಈ ವರ್ಷ ಸ್ಪಿರಿಚುಯಲ್ ಹಾಡಿಸುತ್ತೀರಾ, ಯಾರ ಹೊಂದಿಕೆ, ಹೆಣ್ಣು ದನಿಗೇ ಬರೆದದ್ದಾ, ಕಾರ್ಯಕ್ರಮದ ಕಾಗದದಲ್ಲಿ ಹೆಸರು ಟಿಪ್ಪಣಿ ಹಾಕಲು ನಾವು ಸಹಾಯ ಮಾಡಬಹುದಾ ಅಂತ ಕೇಳಿ. ಟಿಪ್ಪಣಿ ಬರೆದುಕೊಡುತ್ತೇವೆ ಅಂದರೆ ಯಾವ ಟೀಚರೂ ಬೇಡ ಅನ್ನುವುದಿಲ್ಲ. ಸ್ಪಿರಿಚುಯಲನ್ನು ಯಾವಾಗಲೂ ಕೊನೆಗೇ ಯಾಕೆ ಇಡಬೇಕು, ನಡುವೆ ಒಂದು ನಿಧಾನದ್ದನ್ನು ಹಾಡಿಸಿ ಅಂತಲೂ ಕೇಳಿ. ಮಕ್ಕಳ ಜೊತೆ ಮಾತಾಡಲು ಊರಿನ ಕಪ್ಪು ಚರ್ಚುಗಳ ಕಾಯರ್ ನಿರ್ದೇಶಕರನ್ನು ಕರೆಸಬಹುದು, ಬಂದವರಿಗೆ ಗೌರವಧನ ಕೊಡಬೇಕು. ಬರೀ ಶಾಲು ಹಣ್ಣು ಕೊಟ್ಟು ಕಳಿಸುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ನಮ್ಮ ಕಡೆಯವರು ಯಾರಾದರೂ ಆ ಮೇಲ್ ಬರೆಯಲು ಜೊತೆಗೆ ಕೂರುವುದಾದರೆ ಗುಂಪಿನಲ್ಲಿ ಹೇಳಿ, ಕಾಫಿ ನಮ್ಮ ಮನೆಯಲ್ಲಿ.

ಇಂತಿ,
ಎರಡನೇ ಆಲ್ಟೊ ಹಾಡುವ ಹುಡುಗಿಯ ಅಮ್ಮ

ತಾ.ಕ.: ಮುಂದಿನ ಸಲ ಚಪ್ಪಾಳೆ ಹಾಕುವುದಾದರೆ ಒಂದು, ಮೂರಕ್ಕೆ ಹಾಕಬೇಡಿ. ಎರಡು ಮತ್ತು ನಾಲ್ಕಕ್ಕೆ. ಆದಿತಾಳ ಹಾಕಿ ಬೆಳೆದ ಕೈ ಕೇಳುವುದಿಲ್ಲ ಅಂದರೆ, ಪಕ್ಕದಲ್ಲಿ ಕೂತವರನ್ನು ನೋಡಿಕೊಂಡು ಹಾಕಿ.